ದಯಾಮಯನ ರಾಜ್ಯದಲ್ಲಿ ದುಃಖವೇಕೆ?

ಸನ್ ೨೦೨೪ನೆಯ ಜೂನ್ ತಿಂಗಳ ೨೮ನೆಯ ತಾರೀಖು ಬೆಳಗಿನ ಜಾವದಲ್ಲಿ, ನಮ್ಮ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸಿನ ಹತ್ತಿರ ಹೆದ್ದಾರಿಯ ಮೇಲೆ ನಿಂತಿದ್ದ ಲಾರಿಯೊಂದಕ್ಕೆ ಯಾತ್ರಿಕರ ವಾಹನವು ಬಂದು ಬಡಿಯಿತು. ಅದರಲ್ಲಿದ್ದವರು ಶಿವಮೊಗ್ಗ ಜಿಲ್ಲೆಯ ಭದ್ರಾವತಿ ತಾಲೂಕಿನ ಎಮ್ಮೆಹಟ್ಟಿಯ ಕಡೆಯವರು. ಸವದತ್ತಿಯ ಎಲ್ಲಮ್ಮನ ದರ್ಶನ ಮಾಡಿಕೊಂಡು ಊರಿಗೆ ಮರಳುತ್ತಿದ್ದವರು. ಅವರಲ್ಲಿ ೧೩ ಜನರು ಮೃತರಾದರು. ಮೃತರಲ್ಲಿ ಎಳೆಯ ಮಕ್ಕಳೂ ಇದ್ದರು. ಕಳ್ಳತನಕ್ಕೆ ಹೋದವರಲ್ಲ, ಜೂಜಿಗೆ ಹೋದವರಲ್ಲ. ದೇವರಿಗೆ ಕೈಮುಗಿದು ಮನೆಯ ಕಡೆಗೆ ಹೊರಟವರು.

ಇಂಥ ಸುದ್ದಿಯು ಕಿವಿಗೆ ಬಿದ್ದಾಗ ಮನೆಮನೆಯ ಕಟ್ಟೆಯ ಮೇಲೆ ಎರಡು ಮಾತುಗಳು ಹುಟ್ಟುವದುಂಟು. ಒಂದು, "ಯಾವ ಜನ್ಮದ ಪಾಪವೋ ಏನೋ!" ಎಂಬದು. ಇನ್ನೊಂದು, "ದೇವರೆಂಬವನು ಇದ್ದಾನೆಯೋ ಇಲ್ಲವೋ!" ಎಂಬದು. ಮೊದಲನೆಯ ಮಾತು ಸತ್ತವರನ್ನು ಅಪರಾಧಿಗಳನ್ನಾಗಿ ಮಾಡುವದು; ಎರಡನೆಯದು ದೇವರನ್ನು ಅಪರಾಧಿಯನ್ನಾಗಿ ಮಾಡುವದು. ಎರಡು ಮಾತಿನಲ್ಲಿಯೂ ದುಃಖಕ್ಕೆ ಯಾರಾದರೊಬ್ಬ ತಪ್ಪಿತಸ್ಥನು ಬೇಕೆಂಬ ಆತುರವೇ ಇರುತ್ತದೆ. ಈ ಆತುರಕ್ಕೆ ಯೇಸುಕ್ರಿಸ್ತನ ಬೋಧೆಯು ಏನು ಉತ್ತರ ಕೊಡುತ್ತದೆಂಬದನ್ನು ಇಲ್ಲಿ ವಿಚಾರಿಸಬೇಕೆಂದು ಮಾಡಿದ್ದೇವೆ. ಸಂಸ್ಕೃತವನ್ನು ಓದಿ, ಅದನ್ನೇ ಮಕ್ಕಳಿಗೆ ಓದಿಸಿ ಮುಪ್ಪಾದ ನಾವು ನಮ್ಮ ಶಾಸ್ತ್ರಗಳ ಮಾತನ್ನು ಬದಿಗಿಟ್ಟು ಈ ವಿಚಾರವನ್ನು ಮಾಡಲಾರೆವು. ಮಾಡಬೇಕಾದ ಕಾರಣವೂ ಇಲ್ಲ. ಪ್ರಶ್ನೆಯು ಎಲ್ಲ ಮತದವರದು. ಮಗನನ್ನು ಕಳೆದುಕೊಂಡ ತಾಯಿಯ ಅಳುವಿಗೆ ಮತಭೇದವಿಲ್ಲ.

ಪೂರ್ವಪಕ್ಷ

ಪ್ರಶ್ನೆಯನ್ನು ಮೊದಲು ಸರಿಯಾಗಿ ನಿಲ್ಲಿಸಿಕೊಳ್ಳೋಣ. ದೇವರು ಸರ್ವಶಕ್ತನು ಎನ್ನುವೆವು. ದೇವರು ದಯಾಮಯನು ಎನ್ನುವೆವು. ಶಕ್ತಿಯಿದ್ದವನು ದುಃಖವನ್ನು ತಡೆಯಬಲ್ಲನು; ದಯೆಯಿದ್ದವನು ತಡೆಯಲು ಇಚ್ಛಿಸುವನು. ಹೀಗಿದ್ದೂ ದುಃಖವು ಕಣ್ಣೆದುರಿಗೆ ಇದೆ. ಆದ್ದರಿಂದ ಶಕ್ತಿಯಲ್ಲಾದರೂ ಕೊರತೆಯಿರಬೇಕು, ದಯೆಯಲ್ಲಾದರೂ ಕೊರತೆಯಿರಬೇಕು ಎಂದು ತಾರ್ಕಿಕನು ಹೇಳುವನು.

ಈ ಆಕ್ಷೇಪವು ನಮ್ಮ ದೇಶಕ್ಕೆ ಹೊಸದಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ ಸೂತ್ರಕಾರನು ಇದನ್ನೇ ಎತ್ತಿಕೊಂಡು, ಈಶ್ವರನ ಮೇಲೆ ಬರುವ ಎರಡು ಆರೋಪಗಳಿಗೆ ವೈಷಮ್ಯ, ನೈರ್ಘೃಣ್ಯ ಎಂದು ಹೆಸರಿಟ್ಟಿದ್ದಾನೆ. ಒಬ್ಬನಿಗೆ ಸುಖ ಇನ್ನೊಬ್ಬನಿಗೆ ದುಃಖ ಕೊಡುವ ಪಕ್ಷಪಾತವು ವೈಷಮ್ಯ. ಜೀವಿಗಳ ನೋವಿಗೆ ಕರಗದ ಕಠಿಣತನವು ನೈರ್ಘೃಣ್ಯ. ಈ ಎರಡೂ ಈಶ್ವರನಲ್ಲಿ ಇಲ್ಲವೆಂದು ತೋರಿಸಲು ಶಂಕರಾಚಾರ್ಯರು ಮಳೆಯ ದೃಷ್ಟಾಂತವನ್ನು ತಂದಿದ್ದಾರೆ. ಮಳೆಯು ಭತ್ತಕ್ಕೂ ಗೋದಿಯ ಜಾತಿಯ ಯವಕ್ಕೂ ಒಂದೇ ಸಮನಾದ ಕಾರಣವಾಗಿರುತ್ತದೆ. ಭತ್ತವು ಭತ್ತವಾಗಿ, ಯವವು ಯವವಾಗಿ ಬೆಳೆಯುವದು ಬೀಜದ ಗುಣದಿಂದ, ಮಳೆಯ ಪಕ್ಷಪಾತದಿಂದಲ್ಲ. ಅದರಂತೆಯೇ ಈಶ್ವರನ ಕೃಪೆಯು ಎಲ್ಲರಿಗೂ ಸಮವು. ಸುಖದುಃಖಗಳ ಭೇದವು ಆಯಾ ಜೀವನ ಕರ್ಮಬೀಜದಿಂದ ಬಂದದ್ದು.

ಈ ಸಿದ್ಧಾಂತವು ಸಣ್ಣದೆಂದು ಯಾರೂ ತಿಳಿಯಬಾರದು. ಲೋಕದಲ್ಲಿ ನ್ಯಾಯವುಂಟು, ಮಾಡಿದ್ದು ಸುಮ್ಮನೆ ಹೋಗುವದಿಲ್ಲ ಎಂಬ ಧೈರ್ಯವನ್ನು ಅದು ಎಷ್ಟೋ ತಲೆಮಾರುಗಳಿಗೆ ಕೊಟ್ಟಿದೆ. ತನ್ನ ನಡತೆಯನ್ನು ತಾನು ತಿದ್ದಿಕೊಳ್ಳಲು ಅದರಷ್ಟು ಬಲವಾದ ಸಾಧನವು ವಿರಳ. ಆದರೆ ಅದು ಪಂಡಿತನ ಭಾಷ್ಯದಿಂದ ಇಳಿದು ಬೀದಿಯ ಬಾಯಿಗೆ ಬಂದಾಗ ತನ್ನ ಕರ್ಮವನ್ನು ಶೋಧಿಸುವದನ್ನು ಬಿಟ್ಟು ನೆರೆಮನೆಯವರ ಕರ್ಮವನ್ನು ಶೋಧಿಸತೊಡಗುವದು. ವಿಧವೆಯಾದ ಹುಡುಗಿಯನ್ನು "ಕಾಲ್ಗುಣ ಸರಿಯಿಲ್ಲ" ಎಂದವರೂ, ಕುರುಡು ಮಗುವಿನ ತಾಯಿಯ ಎದುರಿಗೆ ಪೂರ್ವಜನ್ಮದ ಮಾತನ್ನೆತ್ತಿದವರೂ ಬ್ರಹ್ಮಸೂತ್ರವನ್ನು ಓದಿದವರಲ್ಲ. ಆದರೆ ತಾವು ಶಾಸ್ತ್ರವನ್ನೇ ಹೇಳುತ್ತಿದ್ದೇವೆಂದು ಅವರ ನಂಬಿಕೆ. ಹುಣ್ಣಿನ ಮೇಲೆ ಉಪ್ಪು ಸುರಿದಂತಾಗುವ ಈ ಮಾತು ಕ್ರೈಸ್ತರ ಮನೆಗಳಲ್ಲಿಯೂ ಇಲ್ಲದಿಲ್ಲ. ಅಲ್ಲಿ ಅದಕ್ಕೆ ದೇವರ ಶಿಕ್ಷೆಯೆಂದು ಬೇರೆ ಹೆಸರಿರುತ್ತದೆ, ಅಷ್ಟೆ.

ಸಿಲೋವದ ಬುರುಜು

ಯೇಸುವಿನ ಕಾಲದಲ್ಲಿಯೂ ಗುಂಡೇನಹಳ್ಳಿಯಂಥ ಸುದ್ದಿಯೊಂದು ಜನರ ಬಾಯಲ್ಲಿತ್ತು. ಯೆರೂಸಲೇಮಿನ ಸಿಲೋವವೆಂಬ ಕಡೆಯಲ್ಲಿ ಬುರುಜೊಂದು ಕುಸಿದು ಹದಿನೆಂಟು ಜನರು ಅದರಡಿಯಲ್ಲಿ ಸತ್ತಿದ್ದರು. ಯಜ್ಞಬಲಿಯನ್ನು ಅರ್ಪಿಸುತ್ತಿದ್ದ ಕೆಲವು ಗಲಿಲಾಯದವರನ್ನು ರೋಮನ್ ಅಧಿಕಾರಿಯಾದ ಪಿಲಾತನು ಕೊಲ್ಲಿಸಿದ ಸುದ್ದಿಯೂ ಅದೇ ದಿನಗಳದು. ಒಂದು ಅಪಘಾತ, ಇನ್ನೊಂದು ಅತ್ಯಾಚಾರ. ಸತ್ತವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳಾಗಿದ್ದರೆಂದು ಭಾವಿಸುವಿರೋ ಎಂದು ಯೇಸುವು ತಾನಾಗಿಯೇ ಜನರನ್ನು ಕೇಳಿ, ಹಾಗಲ್ಲವೆಂದು ಖಂಡಿತವಾಗಿ ಹೇಳಿದನೆಂದು ಲೂಕನ ಸುವಾರ್ತೆಯಲ್ಲಿ ಬರೆದಿದೆ. ಅನಂತರ ಆತನು ಮಾತನ್ನು ಸತ್ತವರಿಂದ ಬದುಕಿದ್ದವರ ಕಡೆಗೆ ತಿರುಗಿಸಿ, ಅವರವರ ಮನಸ್ಸನ್ನು ಅವರವರು ತಿದ್ದಿಕೊಳ್ಳಬೇಕೆಂದು ಎಚ್ಚರಿಸಿದನು. ಎಂದರೆ ಪಾಪವಿಚಾರವನ್ನು ಮಾಡುವದಿದ್ದರೆ ಅದು ನಮ್ಮದಾಗಬೇಕು; ಬುರುಜಿನ ಕೆಳಗೆ ಸಿಕ್ಕವರದಾಗಬಾರದು.

ಇದೇ ಜಾತಿಯ ಇನ್ನೊಂದು ಪ್ರಸಂಗವು ಯೋಹಾನನ ಸುವಾರ್ತೆಯಲ್ಲಿದೆ. ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು, ಇವನು ಕುರುಡನಾಗಿ ಹುಟ್ಟಲು ಪಾಪ ಮಾಡಿದವನು ಇವನೋ, ಇವನ ತಾಯಿತಂದೆಗಳೋ ಎಂದು ಗುರುವನ್ನು ಕೇಳಿದರು. ಅವರಿಗೆ ಬೇಕಾದದ್ದು ಕಾರಣ. ಯೇಸುವು ಇಬ್ಬರ ಮೇಲೂ ಪಾಪವನ್ನು ಹೊರಿಸಲಿಲ್ಲ. ದೇವರ ಕೆಲಸವು ಇವನಲ್ಲಿ ತೋರಿಬರಬೇಕಾಗಿದೆ, ಹಗಲಿರುವಾಗಲೇ ಆ ಕೆಲಸವನ್ನು ಮಾಡಬೇಕು ಎಂಬರ್ಥದ ಮಾತನ್ನು ಹೇಳಿ, ಮಣ್ಣನ್ನು ಕಲಸಿ ಅವನ ಕಣ್ಣಿಗೆ ಹಚ್ಚಿ ಅವನನ್ನು ಗುಣಪಡಿಸಿದನು. ಶಿಷ್ಯರು ಹಿಂದಕ್ಕೆ ನೋಡಿ "ಇದು ಏತರಿಂದ ಬಂತು?" ಎಂದರು, ಗುರುವು ಮುಂದಕ್ಕೆ ನೋಡಿ "ಈಗ ಮಾಡತಕ್ಕದ್ದೇನು?" ಎಂಬಂತೆ ನಡೆದುಕೊಂಡನು. ಕ್ರೈಸ್ತದೃಷ್ಟಿಯ ತಿರುಳು ಈ ದಿಕ್ಕಿನ ಬದಲಾವಣೆಯಲ್ಲಿದೆಯೆಂದು ನಮ್ಮ ಎಣಿಕೆ.

ಮಳೆಯ ದೃಷ್ಟಾಂತವನ್ನು ಯೇಸುವೂ ಹೇಳಿದ್ದಾನೆ. ಶಂಕರಾಚಾರ್ಯರು ಮಳೆಯ ಸಮತ್ವವನ್ನು ತೋರಿಸಿ ಫಲಭೇದದ ಕಾರಣವನ್ನು ಬೀಜದಲ್ಲಿ ಹುಡುಕಿದರು. ಯೇಸುವು ಅದೇ ಸಮತ್ವವನ್ನು ತೋರಿಸಿ, ತಂದೆಯಾದ ದೇವರು ಒಳ್ಳೆಯವರ ಹೊಲ, ಕೆಟ್ಟವರ ಹೊಲ ಎಂದು ನೋಡದೆ ಮಳೆ ಸುರಿಸುವಂತೆ ನೀವೂ ವೈರಿಗಳನ್ನು ಪ್ರೀತಿಸಿರಿ ಎಂದು ಬೋಧಿಸಿದನು. ಮಳೆಯನ್ನು ನೋಡಿ ಹೊಲದವನ ಯೋಗ್ಯತೆಯನ್ನು ಅಳೆಯಬೇಡಿರಿ ಎಂಬದು ಇದರಿಂದ ಸಹಜವಾಗಿಯೇ ಹೊರಡುವ ಅರ್ಥ. ಮಳೆ ಬಂದವನು ಪುಣ್ಯವಂತನಲ್ಲ, ಬಾರದವನು ಪಾಪಿಯಲ್ಲ.

ಯೋಬನ ಗೆಳೆಯರು

ಯೆಹೂದ್ಯರಿಂದ ಕ್ರೈಸ್ತರಿಗೆ ಬಂದ ಹಳೆಯ ಒಡಂಬಡಿಕೆಯಲ್ಲಿ ಯೋಬನೆಂಬವನ ಗ್ರಂಥವಿದೆ. ಹರಿಶ್ಚಂದ್ರನ ಕಥೆಯನ್ನು ಕೇಳಿ ಬೆಳೆದ ಕನ್ನಡಿಗರಿಗೆ ಯೋಬನು ದೂರದವನೆನಿಸುವದಿಲ್ಲ. ಧರ್ಮಿಷ್ಠನಾದ ಯೋಬನು ದನಕರುಗಳನ್ನು ಕಳೆದುಕೊಂಡನು. ಹತ್ತು ಮಕ್ಕಳೂ ಒಂದೇ ದಿನ ಮನೆ ಕುಸಿದು ಸತ್ತರು. ಕೊನೆಗೆ ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕುಳಿತನು. ಅವನನ್ನು ಸಂತೈಸಲು ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಬಂದರು. ಏಳು ದಿನ ಏಳು ರಾತ್ರಿ ಅವರು ಒಂದು ಮಾತನ್ನೂ ಆಡದೆ ಅವನ ಹತ್ತಿರ ನೆಲದ ಮೇಲೆ ಕುಳಿತರು. ಅವರು ಮಾಡಿದ ಉತ್ತಮವಾದ ಕೆಲಸವು ಅದೊಂದೇ. ಎಂಟನೆಯ ದಿನ ಬಾಯಿ ತೆರೆದು, ದೇವರು ನ್ಯಾಯವಂತನು, ಆದ್ದರಿಂದ ನೀನು ಎಲ್ಲಿಯೋ ತಪ್ಪಿರಬೇಕು ಎಂದು ವಾದಿಸತೊಡಗಿದರು.

ಅವರ ಮಾತಿನಲ್ಲಿ ವ್ಯಾಕರಣದೋಷವಿಲ್ಲ, ತರ್ಕದೋಷವೂ ಮೇಲುನೋಟಕ್ಕೆ ಕಾಣುವದಿಲ್ಲ. ಅವರು ದೇವರ ಪಕ್ಷದ ವಕೀಲರಂತೆಯೇ ಮಾತಾಡಿದರು. ಯೋಬನಾದರೋ ದೇವರ ಸಂಗಡ ಜಗಳವಾಡಿದನು. ಹುಟ್ಟಿದ ದಿನವನ್ನೇ ಶಪಿಸಿದನು. ಕೊನೆಗೆ ದೇವರು ಬಿರುಗಾಳಿಯೊಳಗಿಂದ ಮಾತಾಡಿದನಂತೆ. ಆತನು ಯೋಬನಿಗೂ ದುಃಖದ ಕಾರಣವನ್ನು ಬಿಡಿಸಿ ಹೇಳಲಿಲ್ಲ. ಸೃಷ್ಟಿಯ ಅಗಾಧತೆಯನ್ನು ತೋರಿಸಿದನು. ಆದರೆ ಕೋಪವನ್ನು ತೋರಿಸಿದ್ದು ಮಾತ್ರ ತನ್ನ ಪಕ್ಷ ವಹಿಸಿದ ಆ ಮೂವರ ಮೇಲೆ! ನೊಂದು ಜಗಳವಾಡಿದ ಯೋಬನೇ ಅವರಿಗಾಗಿ ಪ್ರಾರ್ಥಿಸಬೇಕಾಯಿತು. ದುಃಖಿಯನ್ನು ಅಪರಾಧಿಯೆಂದು ಸಾಧಿಸಿ ದೇವರ ಮಾನವನ್ನು ಕಾಯಬೇಕಾಗಿಲ್ಲ. ಅಂಥ ವಕೀಲಿಯು ಆತನಿಗೆ ಬೇಡವಾಗಿದೆ ಎಂದು ಈ ಗ್ರಂಥದಿಂದ ತಿಳಿಯತಕ್ಕದ್ದು.

ಮಳೆಯೂ ಮನುಷ್ಯನೂ

ಹಾಗಾದರೆ ಕಾರಣವನ್ನು ವಿಚಾರಿಸಲೇಬಾರದೋ? ವಿಚಾರಿಸಬಹುದು. ಕ್ರೈಸ್ತ ಪಂಡಿತರೂ ಸಾವಿರಾರು ವರ್ಷಗಳಿಂದ ವಿಚಾರಿಸುತ್ತ ಬಂದಿದ್ದಾರೆ. ಅವರ ಉತ್ತರಗಳಲ್ಲಿ ಮುಖ್ಯವಾದವು ಎರಡು.

ಮೊದಲನೆಯದು, ಸೃಷ್ಟಿಯು ನಿಯಮದಿಂದ ನಡೆಯುವದೆಂಬದು. ಅನ್ನವನ್ನು ಬೇಯಿಸುವ ಬೆಂಕಿಯೇ ಬೆರಳನ್ನು ಸುಡುವದು. ನಮ್ಮ ಬ್ಯಾಡಗಿಯ ಮೆಣಸಿನಕಾಯಿಗೆ ೨೦೧೧ರಲ್ಲಿ ಸರಕಾರದ ಭೌಗೋಳಿಕ ಗುರುತು ದೊರೆತಿದೆ. ಆ ಕೆಂಪುಬಣ್ಣವು ಬಿಸಿಲಿನ ದಾನ. ಕಾಯಿಯನ್ನು ಕಣದಲ್ಲಿ ಹರವಿದಾಗ ಅಕಾಲದ ಮಳೆ ಬಂದರೆ ವರ್ಷದ ದುಡಿಮೆಯು ಬೂಷ್ಟು ಹಿಡಿದು ಹಾಳಾಗುವದು. ಅದೇ ಮಳೆಗಾಗಿ ಮಗ್ಗುಲ ಊರಿನವನು ಆಕಾಶವನ್ನು ನೋಡುತ್ತ ಕುಳಿತಿರಬಹುದು. ಒಬ್ಬೊಬ್ಬನ ಕಣವನ್ನು ನೋಡಿ ಮೋಡವು ಸರಿದು ಹೋಗುವ ಲೋಕದಲ್ಲಿ ನಿಯಮವೇ ಇರಲಾರದು. ನಿಯಮವಿಲ್ಲದಲ್ಲಿ ಒಕ್ಕಲುತನವೂ ಇಲ್ಲ, ವೈದ್ಯವೂ ಇಲ್ಲ, ವಿದ್ಯೆಯೂ ಇಲ್ಲ.

ಎರಡನೆಯದು, ಮನುಷ್ಯನ ಸ್ವಾತಂತ್ರ್ಯ. ಪ್ರೀತಿಸಬಲ್ಲವನನ್ನು ಸೃಷ್ಟಿಸಬೇಕಾದರೆ ದ್ವೇಷಿಸಬಲ್ಲವನನ್ನೂ ಸೃಷ್ಟಿಸಿದಂತಾಯಿತು. ಕಟ್ಟಿಹಾಕಿದವನ ಪ್ರೀತಿಯು ಪ್ರೀತಿಯಲ್ಲ. ಲೋಕದ ದುಃಖದಲ್ಲಿ ಬಹುದೊಡ್ಡ ಪಾಲು ಮನುಷ್ಯನ ಕೈಯದೇ ಆಗಿರುತ್ತದೆ. ಧಾತು ಮತ್ತು ಈಶ್ವರ ಸಂವತ್ಸರಗಳ ಬರಗಾಲವನ್ನು ನೆನೆಯಿರಿ. ೧೮೭೬ರಲ್ಲಿ ಮಳೆ ತಪ್ಪಿತು. ಅದು ಪ್ರಕೃತಿಯ ಮಾತು. ಆಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದ ನಮ್ಮ ಸೀಮೆಯೂ, ಬಳ್ಳಾರಿಯೂ, ಮೈಸೂರೂ ಅದರ ಬಾಯಿಗೆ ಸಿಕ್ಕವು. ಆದರೆ ದೇಶದಿಂದ ಧಾನ್ಯವು ಹಡಗೇರಿ ಹೋಗುವದು ನಿಲ್ಲಲಿಲ್ಲ. ಪರಿಹಾರದ ಕೆಲಸಕ್ಕೆ ಬಂದವರಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಸುಮಾರು ೪೫೦ ಗ್ರಾಂ ಧಾನ್ಯವೂ ಅದರ ಮೇಲೆ ಅಲ್ಪವಾದ ಕಾಸೂ ಸಾಕೆಂದು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು ೧೮೭೭ರಲ್ಲಿ ಗೊತ್ತುಪಡಿಸಿದನು. ಕಲ್ಲೊಡೆಯುವವನ ಹೊಟ್ಟೆಗೆ ಅದು ಸಾಲದೆಂದು ಮದ್ರಾಸಿನ ವೈದ್ಯಾಧಿಕಾರಿಯಾದ ಕಾರ್ನಿಷನು ಆಗಲೇ ವಾದಿಸಿದ್ದನು. ಆ ಬರಗಾಲದಲ್ಲಿ ಬ್ರಿಟಿಷರ ಆಳಿಕೆಯ ಪ್ರದೇಶವೊಂದರಲ್ಲಿಯೇ ೫೦ ಲಕ್ಷಕ್ಕೂ ಹೆಚ್ಚು ಜನರು ಸತ್ತರೆಂದು ಅಂದಾಜು. ಅಷ್ಟು ಹೆಣಗಳನ್ನು ಮಳೆರಾಯನೊಬ್ಬನ ಲೆಕ್ಕಕ್ಕೆ ಬರೆಯುವದು ನ್ಯಾಯವೋ? ದೇವರು ಏಕೆ ತಡೆಯಲಿಲ್ಲವೆಂದು ಕೇಳುವ ಮೊದಲು, ತಡೆಯಬಲ್ಲವರಾಗಿದ್ದ ಮನುಷ್ಯರು ಏಕೆ ತಡೆಯಲಿಲ್ಲವೆಂದು ಕೇಳಬೇಕಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆಯೂ ಪ್ರಶ್ನೆಯು ತೀರುವದಿಲ್ಲ. ೧೭೫೫ನೆಯ ನವೆಂಬರ್ ೧ರಂದು ಪೋರ್ತುಗಾಲ ದೇಶದ ಲಿಸ್ಬನ್ ಪಟ್ಟಣವು ಭೂಕಂಪದಿಂದ ನೆಲಸಮವಾಯಿತು. ಅಂದು ಸಕಲ ಸಂತರ ಹಬ್ಬ. ಜನರು ಇಗರ್ಜಿಗಳಲ್ಲಿ ಪೂಜೆಗೆ ಕೂಡಿದ್ದರು. ನೆಲವು ನಡುಗಿದ ಮೇಲೆ ಸಮುದ್ರವು ಉಕ್ಕಿತು, ಬೆಂಕಿಯು ಹತ್ತಿತು. ಸಾವಿರಾರು ಜನರು ಸತ್ತರು. ಇದೂ ಪಾಪದ ಶಿಕ್ಷೆಯೆಂದು ಸಾರಿದ ಬೋಧಕರುಂಟು. ಎಲ್ಲವೂ ಒಳಿತಿಗೇ ಎನ್ನುವವರ ತತ್ವವನ್ನು ಫ್ರಾನ್ಸಿನ ವಾಲ್ಟೇರನು ಕಟುವಾಗಿ ಹಳಿದದ್ದು ಈ ಪ್ರಸಂಗದಿಂದಲೇ. ಅವನ ಸಿಟ್ಟು ನಿಷ್ಕಾರಣವಾದದ್ದಲ್ಲ. ಭೂಮಿಯು ತನ್ನ ನಿಯಮದಂತೆ ನಡುಗಿತೆಂಬದು ನಿಜ. ಆದರೆ ಕಲ್ಲಿನಡಿಯಲ್ಲಿ ಸಿಕ್ಕ ಮಗುವಿಗೆ ಆ ನಿಜವು ಏತಕ್ಕೆ ಬೇಕು?

ದೇವರು ಕಷ್ಟವನ್ನು ಕೊಟ್ಟು ಪರೀಕ್ಷಿಸುತ್ತಾನೆ ಎಂಬ ಮಾತೊಂದುಂಟು. ಪರೀಕ್ಷೆಗಳನ್ನು ಏರ್ಪಡಿಸುವದರಲ್ಲಿಯೇ ಆಯುಷ್ಯವನ್ನು ಕಳೆದ ನಾವು ಈ ಮಾತಿಗೆ ಒಪ್ಪಲಾರೆವು. ಒಬ್ಬ ಹುಡುಗನ ಧೈರ್ಯವನ್ನು ಅಳೆಯಲು ಇನ್ನೊಬ್ಬ ಹುಡುಗನನ್ನು ಕೊಲ್ಲುವ ಗುರುವು ಗುರುವಲ್ಲ. ಕಷ್ಟದಿಂದ ಕೆಲವರು ಗಟ್ಟಿಯಾಗುವದುಂಟು, ಮೃದುವಾಗುವದೂ ಉಂಟು, ಮುರಿದುಹೋಗುವವರೂ ಉಂಟು. ದುಃಖದಿಂದ ಒಳ್ಳೆಯದು ಹುಟ್ಟಬಹುದೆಂಬದು ಬೇರೆ. ಒಳ್ಳೆಯದಕ್ಕಾಗಿಯೇ ದೇವರು ದುಃಖವನ್ನು ಕಳಿಸಿದನೆಂಬದು ಬೇರೆ. ಈ ಎರಡನ್ನು ಒಂದೆಂದು ತಿಳಿಯುವದರಿಂದ ಬಹಳ ಅನರ್ಥವಾಗಿದೆ.

ಶಿಲುಬೆ

ತರ್ಕವು ಇಲ್ಲಿಗೆ ಬಂದು ನಿಂತಲ್ಲಿ ಕ್ರೈಸ್ತಮತವು ವಾದವನ್ನು ಬಿಟ್ಟು ಒಂದು ಘಟನೆಯ ಕಡೆಗೆ ಬೊಟ್ಟುಮಾಡುವದು. ಅದು ಶಿಲುಬೆ. ಶಿಲುಬೆಯೆಂದರೆ ರೋಮನ್ ಸರಕಾರದವರು ಗುಲಾಮರನ್ನೂ ದಂಗೆಕೋರರನ್ನೂ ಎಲ್ಲರೆದುರಿಗೆ ಅವಮಾನಪಡಿಸಿ ಕೊಲ್ಲುತ್ತಿದ್ದ ಮರ. ಬಂಗಾರದ ಪದಕವಾಗಿ ಕೊರಳಲ್ಲಿ ಕಂಡು ಕಂಡು ಅದು ನಮ್ಮ ನೇಣುಗಂಬಕ್ಕೆ ಸಮಾನವಾದದ್ದೆಂಬದು ಮರೆತುಹೋಗಿದೆ. ದೇವರು ಯೇಸುವಿನಲ್ಲಿ ಮನುಷ್ಯನಾಗಿ ಬಂದು ಆ ಮರವನ್ನೇರಿದನೆಂಬದು ಕ್ರೈಸ್ತರ ಶ್ರದ್ಧೆ. ದುಃಖವನ್ನು ಮೇಲಿನಿಂದ ನೋಡುವ ದೇವರಲ್ಲ, ಅದರ ಒಳಹೊಕ್ಕ ದೇವರು. ಹಸಿವು, ನೀರಡಿಕೆ, ಗೆಳೆಯನ ದ್ರೋಹ, ಸುಳ್ಳು ನ್ಯಾಯ, ಮೈಯ ನೋವು, ತಾಯಿಯ ಎದುರಿಗೆ ಸಾಯುವ ಸಂಕಟ, ಇವೆಲ್ಲವನ್ನೂ ಆತನು ಬಲ್ಲನು. ಸಾಯುವ ಹೊತ್ತಿನಲ್ಲಿ ಯೇಸುವು, ದೇವರು ತನ್ನನ್ನು ಏಕೆ ಕೈಬಿಟ್ಟನೆಂದು ಕೂಗಿಕೊಂಡನೆಂದು ಸುವಾರ್ತೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದೆ. ನಾವು ಕೇಳುವ "ಏಕೆ?" ಎಂಬ ಪ್ರಶ್ನೆಯನ್ನು ಆತನೂ ಕೇಳಿದನು, ಆ ಗಳಿಗೆಯಲ್ಲಿ ಆತನಿಗೂ ಆಕಾಶದಿಂದ ಉತ್ತರ ಬರಲಿಲ್ಲ.

ಈ ಮಾತು ಸಂಸ್ಕೃತವನ್ನು ಬಲ್ಲವರಿಗೆ ತೀರ ಹೊರಗಿನದೆನಿಸಲಾರದು. ಪುರುಷನ ಯಜ್ಞದಿಂದ ಜಗತ್ತು ಹುಟ್ಟಿತೆಂದು ವೇದದಲ್ಲಿಯೇ ಹೇಳಿದೆಯಷ್ಟೆ. ಕನ್ನಡ ನಿಘಂಟನ್ನು ೧೮೯೪ರಲ್ಲಿ ಹೊರತಂದ ಕಿಟ್ಟೆಲ್ ಸಾಹೇಬರು ವೈದಿಕ ಯಜ್ಞವಿಚಾರವನ್ನು ಎತ್ತಿಕೊಂಡು ಯಜ್ಞಸುಧಾನಿಧಿಯೆಂಬ ಪುಸ್ತಕವನ್ನು ಬರೆದರು. ಕಲಕತ್ತೆಯ ಕೃಷ್ಣಮೋಹನ ಬ್ಯಾನರ್ಜಿಯವರು ೧೮೭೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪ್ರಜಾಪತಿಯು ತನ್ನನ್ನೇ ಅರ್ಪಿಸಿಕೊಂಡನೆಂಬ ವೇದದ ಮಾತಿಗೂ ಕ್ರಿಸ್ತನ ಬಲಿದಾನಕ್ಕೂ ಇರುವ ಹೋಲಿಕೆಯನ್ನು ತೋರಿಸಲು ಯತ್ನಿಸಿದರು. ಹೋಲಿಕೆಯು ಎಷ್ಟರಮಟ್ಟಿಗೆ ನಿಲ್ಲುವದೆಂಬದು ಪಂಡಿತರ ಚರ್ಚೆಗೆ ಬಿಟ್ಟದ್ದು. ಪರರಿಂದ ಬಲಿಯನ್ನು ಬೇಡದೆ ತಾನೇ ಬಲಿಯಾಗುವ ದೇವರೆಂಬ ಭಾವವು ನಮ್ಮ ಕಿವಿಗೆ ಪರಿಚಿತವೆಂಬದಷ್ಟೆ ಇಲ್ಲಿ ಪ್ರಕೃತ.

೧೯೪೩ರಲ್ಲಿ ಜರ್ಮನಿಯ ಹ್ಯಾಂಬರ್ಗ ಪಟ್ಟಣವು ಬಾಂಬುಗಳಿಂದ ಸುಟ್ಟಾಗ, ಹದಿಹರೆಯದ ಸಿಪಾಯಿಯೊಬ್ಬನ ಮಗ್ಗುಲಲ್ಲಿದ್ದ ಗೆಳೆಯನು ಸತ್ತು ತಾನು ಉಳಿದನು. ಮುಂದೆ ಸೆರೆಯಾಳುಗಳ ಬಿಡಾರದಲ್ಲಿ ಅವನು ಸುವಾರ್ತೆಯನ್ನೋದಿ, ಯೇಸುವಿನ ಆ ಕೂಗಿನಲ್ಲಿ ತನ್ನ ಕೂಗನ್ನೇ ಕೇಳಿದನು. ಯೂರ್ಗೆನ್ ಮೋಲ್ಟ್‌ಮನ್ ಎಂಬ ಆತನು ದೊಡ್ಡ ಪಂಡಿತನಾಗಿ, ಶಿಲುಬೆಗೇರಿದ ದೇವರನ್ನು ಕುರಿತು ೧೯೭೨ರಲ್ಲಿ ಬರೆದ ಗ್ರಂಥವು ಲೋಕಪ್ರಸಿದ್ಧವಾಯಿತು. ನೋವನ್ನು ಅರಿಯದ ದೇವರು ಪ್ರೀತಿಯನ್ನೂ ಅರಿಯಲಾರನೆಂಬದು ಆತನ ವಾದದ ಸಾರ.

ಆದರೆ ಶಿಲುಬೆಯೇ ಕೊನೆಯಲ್ಲ. ಮೂರನೆಯ ದಿನ ಯೇಸುವು ಎದ್ದು ಬಂದನೆಂದೂ, ಕಣ್ಣೀರೂ ಮರಣವೂ ಇಲ್ಲವಾಗುವ ಕಾಲವೊಂದು ಬರುವದೆಂದೂ ಕ್ರೈಸ್ತರು ನಂಬುವರು. ಈ ನಂಬಿಕೆಯನ್ನು ತರ್ಕದಿಂದ ಸಾಧಿಸಲು ಬರುವದಿಲ್ಲ. ಅದನ್ನು ನಂಬಿದವರ ಬಾಳಿನಿಂದ ಅದರ ಬಲವನ್ನು ತಿಳಿಯಬೇಕು. ಅಂಥದೊಂದು ಬಾಳನ್ನು ಈಗ ನೋಡೋಣ.

ಗಂಗಾಮೂಲದ ಪಂಡಿತೆ

ರಾಣೆಬೆನ್ನೂರ ಸೀಮೆಯನ್ನು ಮುಟ್ಟಿ ಹರಿಯುವ ತುಂಗಭದ್ರೆಯ ಎರಡೂ ತೊರೆಗಳು ಹುಟ್ಟುವದು ಸಹ್ಯಾದ್ರಿಯ ಗಂಗಾಮೂಲದಲ್ಲಿ. ಆ ಅಡವಿಯಲ್ಲಿ ೧೮೫೮ರಲ್ಲಿ ಪಂಡಿತಾ ರಮಾಬಾಯಿಯವರು ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು, ಹೆಂಗಸರಿಗೆ ಸಂಸ್ಕೃತ ಕೂಡದೆಂದು ಲೋಕವು ಹೇಳುತ್ತಿದ್ದಾಗ ಹೆಂಡತಿಗೆ ಅದನ್ನು ಕಲಿಸಿದವರು. ತಾಯಿಯು ಮಗಳಿಗೆ ಕಲಿಸಿದರು. ಕುಟುಂಬವು ಕ್ಷೇತ್ರದಿಂದ ಕ್ಷೇತ್ರಕ್ಕೆ ಪುರಾಣ ಹೇಳುತ್ತ ನಡೆಯಿತು. ೧೮೭೦ರ ದಶಕದ ಬರಗಾಲವು ಅವರನ್ನು ದಾರಿಯಲ್ಲಿಯೇ ಹಿಡಿಯಿತು. ವ್ರತ, ಉಪವಾಸ, ದಾನ, ತೀರ್ಥಸ್ನಾನ ಯಾವದನ್ನೂ ಬಿಡದಿದ್ದ ತಂದೆ, ತಾಯಿ, ಅಕ್ಕ, ಮೂವರೂ ಕೆಲವೇ ತಿಂಗಳುಗಳ ಅಂತರದಲ್ಲಿ ಹಸಿವಿಗೂ ಬೇನೆಗೂ ತುತ್ತಾದರು. ರಮಾಬಾಯಿಯೂ ಅಣ್ಣನೂ ಉಳಿದು, ಕಾಲ್ನಡಿಗೆಯಲ್ಲಿ ದೇಶವನ್ನು ಸುತ್ತಿ, ೧೮೭೮ರಲ್ಲಿ ಕಲಕತ್ತೆಗೆ ಮುಟ್ಟಿದರು. ಅಲ್ಲಿಯ ವಿದ್ವಾಂಸರು ಆಕೆಗೆ ಪಂಡಿತೆ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. ೧೮೮೦ರಲ್ಲಿ ಅಣ್ಣನು ಹೋದನು. ಅದೇ ವರ್ಷ ಮದುವೆಯಾದ ಗಂಡನು ೧೮೮೨ರಲ್ಲಿ ವಾಂತಿಬೇನೆಯಿಂದ ಹೋದನು. ಇಪ್ಪತ್ತನಾಲ್ಕು ತುಂಬುವದರೊಳಗೆ ಕೈಯಲ್ಲಿ ಹಸುಗೂಸೊಂದೇ ಉಳಿಯಿತು.

೧೮೮೩ರಲ್ಲಿ ಆಕೆ ಇಂಗ್ಲಂಡಕ್ಕೆ ಹೋದಳು. ಲೋಕವು ಪತಿತೆಯರೆಂದು ದೂಡಿದ ಹೆಂಗಸರನ್ನು ಕ್ರೈಸ್ತ ಸನ್ಯಾಸಿನಿಯರು ಅಕ್ಕತಂಗಿಯರಂತೆ ಸಾಕುವದನ್ನು ಕಂಡಳು. ಹೀಗೇಕೆಂದು ಕೇಳಲು, ಯೇಸುವು ಸಮಾರ್ಯದ ಸ್ತ್ರೀಯೊಡನೆ ಬಾವಿಯ ಹತ್ತಿರ ಮಾತಾಡಿದ ಕಥೆಯನ್ನು ಅವರು ತಿಳಿಸಿದರು. ಅದೇ ವರ್ಷ ರಮಾಬಾಯಿ ದೀಕ್ಷಾಸ್ನಾನವನ್ನು ಪಡೆದಳು. ಗಮನಿಸಿರಿ: ದುಃಖದ ಕಾರಣವನ್ನು ವಿವರಿಸಿದ ಗ್ರಂಥವು ಆಕೆಯ ಮನಸ್ಸನ್ನು ಗೆದ್ದದ್ದಲ್ಲ, ದುಃಖಿಗಳ ಹತ್ತಿರ ಹೋಗುವ ದೇವರ ಕಥೆಯು ಗೆದ್ದಿತು.

ದೇಶಕ್ಕೆ ಮರಳಿ ೧೮೮೯ರಲ್ಲಿ ವಿಧವೆಯರಿಗಾಗಿ ಮುಂಬಯಿಯಲ್ಲಿ ಶಾರದಾಸದನವನ್ನು ತೆರೆದಳು. ೧೮೯೬-೯೭ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಿದ್ದಾಗ, ಹರೆಯದಲ್ಲಿ ತಾನು ಉಂಡ ಹಸಿವಿನ ನೆನಪೇ ಆಕೆಯನ್ನು ಅಲ್ಲಿಗೆ ಎಳೆದುಕೊಂಡು ಹೋಯಿತು. ನೂರಾರು ಹುಡುಗಿಯರನ್ನು ಕರೆತಂದು ಪುಣೆಯ ಹತ್ತಿರದ ಕೇಡಗಾಂವದಲ್ಲಿ ಮುಕ್ತಿಸದನವನ್ನು ನಿಲ್ಲಿಸಿದಳು. ಓದು, ಮಗ್ಗ, ಮುದ್ರಣ, ಒಕ್ಕಲುತನ, ಎಲ್ಲವೂ ಅಲ್ಲಿ ನಡೆದವು. ಕೈಗೂಸಾಗಿದ್ದ ಮಗಳು ಮನೋರಮೆ ಬೆಳೆದು ತಾಯಿಗೆ ಬಲಗೈಯಾದಳು. ಗುಲ್ಬರ್ಗದಲ್ಲಿಯೂ ಶಾಲೆಯನ್ನು ಸ್ಥಾಪಿಸಿದಳು. ಆ ಮಗಳೂ ೧೯೨೧ರಲ್ಲಿ ತಾಯಿಗಿಂತ ಮೊದಲೇ ತೀರಿದಳು. ಮೂಲ ಹೀಬ್ರೂ ಗ್ರೀಕ್ ಭಾಷೆಗಳಿಂದ ಸತ್ಯವೇದವನ್ನು ಮರಾಠಿಗೆ ತರುವ ಕೆಲಸವನ್ನು ರಮಾಬಾಯಿ ಆ ದುಃಖದಲ್ಲಿಯೂ ಬಿಡದೆ ಮುಗಿಸಿ, ೧೯೨೨ನೆಯ ಏಪ್ರಿಲ್ ೫ರಂದು ಕಣ್ಣುಮುಚ್ಚಿದಳು.

ಆ ಹುಡುಗಿಯರು ಉಳಿಯಲೆಂದೇ ದೇವರು ಆಕೆಯ ತಾಯಿತಂದೆಗಳನ್ನು ಹಸಿವಿನಿಂದ ಕೊಂದನೆಂದು ಹೇಳಬಹುದೋ? ಹೇಳಕೂಡದು. ಅದು ಯೋಬನ ಗೆಳೆಯರ ಮಾತಾದೀತು. ಹಸಿವಿನಿಂದ ಸತ್ತದ್ದು ಕೆಟ್ಟದ್ದೇ, ಎಂದಿಗೂ ಕೆಟ್ಟದ್ದೇ. ಆ ಕೆಟ್ಟದ್ದಕ್ಕೆ ಕೊನೆಯ ಮಾತನ್ನು ಬಿಟ್ಟುಕೊಡದ ಶಕ್ತಿಯೊಂದು ಲೋಕದಲ್ಲಿದೆಯೆಂದಷ್ಟೆ ಆ ಬಾಳಿನಿಂದ ಕಾಣುತ್ತದೆ. ಆ ಶಕ್ತಿಯನ್ನು ಕ್ರೈಸ್ತರು ದೇವರ ಪ್ರೀತಿಯೆನ್ನುವರು.

ಗೃಹಸ್ಥರ ಕರ್ತವ್ಯ

ವಾಚಕರೇ, ಇಷ್ಟು ವಿಚಾರದಿಂದ ಮನೆಮಂದಿಗೆ ಆಗುವ ಪ್ರಯೋಜನವೇನು? ಸತ್ತ ಮನೆಗೆ ಹೋಗುವ ಪ್ರಸಂಗವು ಎಲ್ಲರಿಗೂ ಬರುವದು. ಅಲ್ಲಿ ಕಾರಣವನ್ನು ಹೇಳುವ ಗೊಡವೆಗೆ ಹೋಗಬಾರದು. "ಕರ್ಮ", "ಋಣ ತೀರಿತು", "ದೇವರ ಚಿತ್ತ", ಈ ಮಾತುಗಳನ್ನು ದುಃಖಿಯು ತಾನೇ ಆಡಿಕೊಂಡರೆ ಆಡಿಕೊಳ್ಳಲಿ. ಅವನಿಗೆ ಅದರಿಂದ ನೆಮ್ಮದಿಯಾದರೆ ಆಗಲಿ. ಹೊರಗಿನವರು ಅವನ್ನು ಅವನ ಮೇಲೆ ಹೇರಬಾರದು. ಗೆಳೆಯನಾದ ಲಾಜರನ ಗೋರಿಯ ಹತ್ತಿರ ಯೇಸುವು ಮೊದಲು ಮಾಡಿದ್ದು ಅಳುವದನ್ನು. ಅವನನ್ನು ಎಬ್ಬಿಸುವ ಸಾಮರ್ಥ್ಯವಿದ್ದವನೂ ಮೊದಲು ಅತ್ತನು. ಅದಾವದೂ ಇಲ್ಲದ ನಾವು ಅಳುವದಕ್ಕೆ ನಾಚಬೇಕಾದದ್ದೇನು?

ಆಮೇಲೆ ಕೈಗೆ ಕೆಲಸ ಕೊಡತಕ್ಕದ್ದು. ಒಲೆ ಹೊತ್ತದ ಮನೆಗೆ ಬುತ್ತಿಯನ್ನು ಒಯ್ಯುವದು, ಮಕ್ಕಳನ್ನು ನಾಲ್ಕು ದಿನ ಕರೆದುಕೊಂಡು ಬರುವದು, ಆಸ್ಪತ್ರೆಗೆ ಕಚೇರಿಗೆ ಜೊತೆಯಾಗಿ ಹೋಗುವದು, ಜನರೆಲ್ಲ ಬಂದು ಹೋಗಿ ಮನೆಯು ಬರಿದಾದ ತಿಂಗಳ ಮೇಲೆ ಇನ್ನೊಮ್ಮೆ ಹೋಗಿ ಕುಳಿತು ಬರುವದು. ಸತ್ತವರ ಹೆಸರನ್ನು ಎತ್ತಲು ಅಂಜಬೇಕಾಗಿಲ್ಲ. ತಾಯಿಗೆ ಮಗನ ಹೆಸರನ್ನು ಕೇಳಬೇಕೆಂಬ ಆಸೆಯಿರುತ್ತದೆ.

ಇನ್ನೊಂದು ಎಚ್ಚರವನ್ನೂ ಹೇಳಬೇಕು. ಶಿಲುಬೆಯ ಹೆಸರನ್ನು ಹೇಳಿ, ತಡೆಯಬಹುದಾದ ದುಃಖವನ್ನು ತಾಳಿಕೊಳ್ಳಿರೆಂದು ಉಪದೇಶಿಸುವದು ದೊಡ್ಡ ಅನ್ಯಾಯ. ಗಂಡನ ಹೊಡೆತವನ್ನು ತಿನ್ನುವ ಹೆಣ್ಣುಮಗಳಿಗೆ, ಸಾಲದ ಬಾಧೆಯಲ್ಲಿ ಸಿಕ್ಕ ಒಕ್ಕಲಿಗನಿಗೆ, "ಸಹಿಸಿಕೋ" ಎಂಬದೊಂದೇ ಮಾತು ಧರ್ಮವಲ್ಲ. ಯೇಸುವು ತಾನಾಗಿ ಶಿಲುಬೆಯನ್ನು ಹೊತ್ತನು. ಇನ್ನೊಬ್ಬರ ಹೆಗಲಿಗೆ ಹೊರಿಸಲಿಲ್ಲ. ರೋಗವು ನಿನಗೆ ಒಳ್ಳೆಯದೆಂದು ಆತನು ಯಾವ ರೋಗಿಗೂ ಹೇಳಿದ್ದು ಕಾಣುವದಿಲ್ಲ. ಬಂದವರನ್ನು ಗುಣಪಡಿಸಿದನು, ಹಸಿದವರಿಗೆ ಉಣಬಡಿಸಿದನು. ಹೆದ್ದಾರಿಯು ಕೊಲ್ಲುವದಾದರೆ ಹೆದ್ದಾರಿಯನ್ನು ಸರಿಪಡಿಸಬೇಕು. ಬರವು ಕೊಲ್ಲುವದಾದರೆ ಕೆರೆಯ ಹೂಳನ್ನು ತೆಗೆಯಬೇಕು. ಇವೂ ಪ್ರಾರ್ಥನೆಯ ಅಂಗಗಳೇ.

ದಯಾಮಯನ ರಾಜ್ಯದಲ್ಲಿ ದುಃಖವೇಕೆಂಬ ಪ್ರಶ್ನೆಗೆ ಪೂರ್ಣವಾದ ಉತ್ತರವು ಈ ಲೋಕದಲ್ಲಿ ದೊರೆಯುವದೆಂದು ಕ್ರಿಸ್ತನ ಬೋಧೆಯು ಮಾತುಕೊಡುವದಿಲ್ಲ. ಅದು ಮಾತುಕೊಡುವದು ಇಷ್ಟೇ: ನೊಂದವನು ಅಪರಾಧಿಯಲ್ಲ, ನೊಂದವನು ಒಂಟಿಯೂ ಅಲ್ಲ. ಮೊದಲನೆಯದನ್ನು ನಮ್ಮ ನಾಲಗೆಯಿಂದ ನಾವು ಕಾಯಬೇಕು. ಎರಡನೆಯದು ಸುಳ್ಳಾಗದಂತೆ, ಎದ್ದು ಆ ಮನೆಗೆ ಹೋಗಬೇಕು.